ತೋಳಿನ ಮೇಲಿನ ಹದ್ದು

ಮಂಗಳವಾರ ಬಂತೆಂದರೆ ಲಾಮರ್ಸ್ ಎರಡು ಸಲ ಗಡ್ಡ ಹೆರೆದುಕೊಳ್ಳುತ್ತಿದ್ದ. ಬೆಳಿಗ್ಗೆ ಎದ್ದಾಗ ಒಮ್ಮೆ, ಮಧ್ಯಾಹ್ನ ಊಟವಾದ ಮೇಲೆ ಇನ್ನೊಮ್ಮೆ. ಅರವತ್ತಾರು ತುಂಬಿದ ಒಬ್ಬಂಟಿಗನಿಗೆ ಈ ವಯಸ್ಸಿನಲ್ಲಿ ಇದೇನು ಶೋಕಿ ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಕನ್ನಡಿಯಲ್ಲಿ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದ. ಈ ಮಂಗಳವಾರ ಎರಡನೆಯ ಸುತ್ತಿನಲ್ಲಿ ಗದ್ದಕ್ಕೆ ಬ್ಲೇಡು ತಾಗಿತು. ರಕ್ತ ನಿಲ್ಲಲೆಂದು ಕಾಗದದ ಚೂರೊಂದನ್ನು ಅಂಟಿಸಿಕೊಂಡವನು ಅದನ್ನು ಮರೆತು ಕೋಟು ಹಾಕಿಕೊಂಡು ಹೊರಟುಬಿಟ್ಟ. ಟ್ರಾಮಿನಲ್ಲಿ ಎದುರು ಕೂತಿದ್ದ ಹೆಂಗಸು ಅವನ ಮುಖ ನೋಡಿ ಬೇಗನೆ ಕಿಟಕಿಯ ಕಡೆ ತಿರುಗಿದಳು. ಮುಖದ ಮೇಲೆಯೇ ಬರೆದಿದೆಯೇನೋ, ಅವಳು ಓದಿಬಿಟ್ಟಳೇನೋ ಎನ್ನಿಸಿತು. ಆಮೇಲೆ ನವೆಂಬರಿನ ಮಬ್ಬಿನಲ್ಲಿ ಗಾಜಿನೊಳಗೆ ತನ್ನ ಗದ್ದವೂ ಆ ಕಾಗದದ ಚೂರೂ ಕಂಡವು. ಕಿತ್ತ. ಮತ್ತೆ ರಕ್ತ ಬಂತು. ಕರವಸ್ತ್ರ ಒತ್ತಿ ಹಿಡಿದುಕೊಂಡು, ಇವತ್ತು ಹೇಳಿಯೇಬಿಡಬೇಕು ಎಂದು ಎಷ್ಟನೆಯ ಸಲವೋ ಅಂದುಕೊಂಡ. ವಾರವಾರವೂ ತನ್ನಪ್ಪನ ಹಳೆಯ ಫೋಟೋ ತರುವ ಫ್ರೌ ಬ್ರೇಮೆಗೆ ಆ ಅಪ್ಪ ಯುದ್ಧದಲ್ಲಿ ಯಾವ ಪಡೆಯಲ್ಲಿದ್ದನೆಂದು ಹೇಳಬೇಕು. ಹೇಳಿದರೆ ಆಕೆ ಮುಂದಿನ ಮಂಗಳವಾರ ಬರುವುದಿಲ್ಲ. ಇಷ್ಟೇ ವಿಷಯ. ಇಷ್ಟೇ ವಿಷಯಕ್ಕೆ ಮೂರು ವಾರದಿಂದ ಅವನಿಗೆ ಸರಿಯಾಗಿ ಅನ್ನ ಸೇರಿರಲಿಲ್ಲ.

ಕಾಸೆಲ್ಲಿನ ಹಳೆಯ ಶಾಲಾಕಟ್ಟಡವೊಂದರ ಕೆಳ ಅಂತಸ್ತಿನಲ್ಲಿ ಇತಿಹಾಸದ ಹುಚ್ಚಿರುವವರ ಸಂಘಕ್ಕೆ ಒಂದು ಕೋಣೆಯಿತ್ತು. ಮಂಗಳವಾರ ಎರಡರಿಂದ ಆರರವರೆಗೆ ಜನ ಬೂಟಿನ ಡಬ್ಬಿಗಳಲ್ಲಿ ಯುದ್ಧಕಾಲದ ಫೋಟೋಗಳನ್ನು ತುಂಬಿಕೊಂಡು ಅಲ್ಲಿಗೆ ಬರುತ್ತಿದ್ದರು. ಅಪ್ಪಂದಿರು, ಸೋದರಮಾವಂದಿರು, ಯಾರೆಂದು ಮನೆಯವರಿಗೂ ಗೊತ್ತಿಲ್ಲದ ನಗುಮುಖದ ಹುಡುಗರು. ಲಾಮರ್ಸ್ ಭೂತಗನ್ನಡಿ ಹಿಡಿದು ಕಾಲರು, ಹೆಗಲಪಟ್ಟಿ, ಟೋಪಿ, ಗುಂಡಿಗಳನ್ನು ನೋಡಿ ಇವನು ಯಾವ ದಳದವನು, ಯಾವ ದರ್ಜೆಯವನು ಎಂದು ಹೇಳುತ್ತಿದ್ದ. ಎಷ್ಟೋ ಫೋಟೋಗಳಲ್ಲಿ ಮುಖವಿರುತ್ತಿತ್ತು, ಕಾಲರು ಇರುತ್ತಿರಲಿಲ್ಲ. ಯುದ್ಧ ಸೋತ ವರ್ಷದ ವಸಂತದಲ್ಲಿ, ಗೆದ್ದವರ ಟ್ಯಾಂಕುಗಳು ಊರೊಳಗೆ ಬರುವ ಮುನ್ನ, ಮನೆಮನೆಯ ಅಡಿಗೆಮನೆಯಲ್ಲಿ ಈ ಕೆಲಸ ನಡೆದಿತ್ತು. ಫೋಟೋವನ್ನು ಸುಡಲು ಮನಸ್ಸಿಲ್ಲ, ಗಂಡನ ಮುಖವಿದೆ. ಇಟ್ಟುಕೊಳ್ಳಲು ಧೈರ್ಯವಿಲ್ಲ, ಲಾಂಛನವಿದೆ. ಹಾಗಾಗಿ ಲಾಂಛನವನ್ನಷ್ಟೇ ಕೆರೆದು ತೆಗೆದರು. ಕೆರೆದ ಗೀರು ನೋಡಿಯೇ ಯಾರ ಕೈಯೆಂದು ಹೇಳಬಲ್ಲೆ ಎಂಬ ಜಂಭ ಲಾಮರ್ಸನಿಗಿತ್ತು. ಗಂಡಸರು ಚಾಕುವಿನಿಂದ ಒರಟಾಗಿ ಕೆರೆದಿರುತ್ತಿದ್ದರು. ಹೆಂಗಸರದು ಸೂಜಿ; ಕಾಲುಚೀಲಕ್ಕೆ ರಫು ಹಾಕಿದಂತೆ ಅಡ್ಡಡ್ಡ, ಉದ್ದುದ್ದ, ತಾಳ್ಮೆಯ ಕೆಲಸ. ಫ್ರೌ ಬ್ರೇಮೆ ಮೊದಲ ಫೋಟೋ ತಂದ ದಿನ ಗೀರುಗಳನ್ನು ನೋಡಿ, "ನಿಮ್ಮ ತಾಯಿಯವರು ಬಲು ಅಚ್ಚುಕಟ್ಟು" ಎಂದಿದ್ದ. ಆಕೆ ಏನೂ ಹೇಳಿರಲಿಲ್ಲ. ಆ ಮೌನವನ್ನು ಅವನು ತನ್ನ ಜಾಣ್ಮೆಗೆ ಸಂದ ಮರ್ಯಾದೆಯೆಂದು ತೆಗೆದುಕೊಂಡು, ಆ ರಾತ್ರಿ ಸಂತೋಷದಿಂದ ಮಲಗಿದ್ದ.

ಅವನಿಗೆ ಈ ವಿದ್ಯೆ ಬಂದದ್ದು ಒಂದು ಅವಮಾನದಿಂದ. ಮೂವತ್ತೆಂಟು ವರ್ಷ ಅವನು ಊರಿನ ರಂಗಮಂದಿರದ ದರ್ಜಿಯಾಗಿದ್ದ. ಅರವತ್ತೊಂದನೆಯ ಇಸವಿಯಲ್ಲಿ ಯುದ್ಧದ ನಾಟಕವೊಂದಕ್ಕೆ ಹದಿನಾಲ್ಕು ಸಮವಸ್ತ್ರ ಹೊಲಿದು, ಹದಿನಾಲ್ಕಕ್ಕೂ ಬಲಗಡೆಯ ಎದೆಯ ಮೇಲೆ ಹದ್ದಿನ ಲಾಂಛನ ಕೂರಿಸಿದ್ದ. ಮೊದಲ ಪ್ರದರ್ಶನ ಮುಗಿದ ಮೇಲೆ ಬೂದುಬಣ್ಣದ ಸೂಟು ತೊಟ್ಟ ವಯಸ್ಸಾದವರೊಬ್ಬರು ಹಿಂಬಾಗಿಲಿನಿಂದ ಬಂದು, ಬಹಳ ವಿನಯದಿಂದ, "ಹೊಲಿಗೆ ಸೊಗಸಾಗಿದೆ. ಒಂದೇ ಒಂದು ತಪ್ಪು" ಎಂದರು. "ಎದೆ ಮೇಲೆ ಹದ್ದು ಸೇನೆಯವರಿಗೆ. ನಮಗೆ ಇಲ್ಲಿತ್ತು." ಹಾಗೆನ್ನುತ್ತ ತಮ್ಮ ಎಡತೋಳನ್ನು, ಮೊಣಕೈಗಿಂತ ಮೇಲೆ, ಎರಡು ಬೆರಳಿನಿಂದ ಮುಟ್ಟಿ ತೋರಿಸಿದರು. ಲಾಮರ್ಸ್ ನಾಚಿಕೆಯಿಂದ ನಕ್ಕ. ಅವರೂ ನಕ್ಕರು. ಬಿಚ್ಚಿ ಹೊಲಿಯುತ್ತೇನೆ ಎಂದು ಮಾತು ಕೊಟ್ಟು ಕೈ ಕುಲುಕಿ ಕಳಿಸಿದ. ಮನೆಗೆ ಹೋಗುವಾಗ ಟ್ರಾಮಿನಲ್ಲಿ ಆ 'ನಮಗೆ' ಎಂಬುದು ಅವನ ತಲೆಯೊಳಗೆ ಇಳಿಯಿತು. ನಮಗೆ ಎಂದರೆ, ನಾಟಕದ ಆ ಹದಿನಾಲ್ಕು ಪಾತ್ರಗಳ ಹಾಗೆಯೇ, ಎಸ್ಎಸ್ ಪಡೆಯವರಿಗೆ. ಪಕ್ಷದ ಸ್ವಂತ ಪಡೆ, ಸೆರೆಶಿಬಿರಗಳನ್ನು ಕಾಯುತ್ತಿದ್ದ ಪಡೆ. ಆ ಮುದುಕ ತನ್ನ ತೋಳನ್ನು ಎಷ್ಟು ಮೆತ್ತಗೆ ಮುಟ್ಟಿಕೊಂಡಿದ್ದ. ಮತ್ತು ತಾನು ನಕ್ಕಿದ್ದ. ಇನ್ನೊಬ್ಬ ತೋರಿಸಿಕೊಟ್ಟಿದ್ದಕ್ಕೆ ಕೃತಜ್ಞನಾಗಿ, ಶಾಲೆಯ ಹುಡುಗನಂತೆ ತಲೆಯಾಡಿಸಿದ್ದ. ಆ ನಗುವನ್ನು ತೊಳೆದುಬಿಡಬೇಕೆಂಬ ಹಟದಿಂದಲೇ ಅವನು ಮುಂದಿನ ಮೂವತ್ತು ವರ್ಷ ಪಟ್ಟಿ, ಗುಂಡಿ, ಅಂಚಿನ ಬಣ್ಣಗಳನ್ನೆಲ್ಲ ಕಲಿತ. ಇನ್ನು ಯಾವ ಮುದುಕನೂ ತನ್ನ ಮುಂದೆ ನಿಂತು ತೋಳು ಮುಟ್ಟಿ ತೋರಿಸುವಂತಾಗಬಾರದು.

ಕಲಿತು ಏನು ಬಂತು? ಹತ್ತು ವಾರದ ಹಿಂದೆ ಫ್ರೌ ಬ್ರೇಮೆ ಲಾರಿಗೆ ಒರಗಿ ನಿಂತ ಅಪ್ಪನ ಫೋಟೋವನ್ನು ಮೇಜಿನ ಮೇಲಿಟ್ಟಾಗ ಅವನು ನೋಡಿದ್ದು ಲಾರಿಯನ್ನು, ತೆಳುಬಣ್ಣದ ಹೆಗಲಪಟ್ಟಿಯನ್ನು, ಆಕೆಯ ಕೈಗವಸಿನ ಬೆರಳ ತುದಿಗೆ ಹಾಕಿದ್ದ ಸಣ್ಣ ಹೊಲಿಗೆಯನ್ನು. ಆಮೇಲೆ ಆಕೆ ಚೀಲದಿಂದ ತೆಗೆದ ಪ್ಲಮ್ ಹಣ್ಣಿನ ಕೇಕನ್ನು. "ಸೇನೆಯ ಸಾಗಣೆ ದಳ. ಡ್ರೈವರ್ ಇರಬೇಕು" ಎಂದುಬಿಟ್ಟ. "ಅಷ್ಟೇನಾ?" ಎಂದಳು ಆಕೆ. "ಅಷ್ಟೇ" ಎಂದ, ವರ ಕೊಡುವವನ ಗತ್ತಿನಲ್ಲಿ. ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದೂ ಕೊಟ್ಟ. ಬಲ ಎದೆ ಖಾಲಿಯಿತ್ತು. ಸೇನೆಯವನಾಗಿದ್ದರೆ ಹದ್ದು ಅಲ್ಲಿ ಇರಬೇಕಿತ್ತು. ಮಗು ನೋಡಿದರೂ ಗೊತ್ತಾಗುವ ಖಾಲಿ. ಅವನಿಗೆ ಕಾಣಲಿಲ್ಲ, ಯಾಕೆಂದರೆ ಎಷ್ಟೋ ವರ್ಷಗಳ ಮೇಲೆ ಒಬ್ಬಳು ಹೆಂಗಸು ಅವನಿಗಾಗಿ ತಟ್ಟೆಯ ಮೇಲೆ ಕೇಕು ಇಟ್ಟು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, "ಸಕ್ಕರೆ ಎಷ್ಟು?" ಎಂದು ಕೇಳಿದ್ದಳು.

ಆಕೆಯ ಬಳಿ ಒಟ್ಟು ಹನ್ನೊಂದು ಫೋಟೋ. ಒಂದೇ ಮಧ್ಯಾಹ್ನದ ಕೆಲಸ. "ಒಂದೊಂದಾಗಿ ತನ್ನಿ, ಅವಸರ ಮಾಡಿದರೆ ತಪ್ಪಾಗುತ್ತೆ" ಎಂದು ಇವನು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಆಕೆಯೇ, "ವಾರಕ್ಕೊಂದು ತರ್ತೀನಿ, ಆಗಬಹುದಾ?" ಎಂದಿದ್ದಳು. ಬುಧವಾರದಿಂದ ಸೋಮವಾರದವರೆಗೆ ಲಾಮರ್ಸ್ ಮಾತಾಡುತ್ತಿದ್ದದ್ದು ಬೇಕರಿಯ ಹುಡುಗಿಯ ಜೊತೆ ಮಾತ್ರ, ಅದೂ ಎರಡು ಬನ್ನಿಗೆ ಎಷ್ಟು ಮಾತು ಬೇಕೋ ಅಷ್ಟು. ಭಾನುವಾರ ಅದೂ ಇಲ್ಲ. ಲ್ಯೂಬೆಕ್ಕಿನಲ್ಲಿದ್ದ ತಂಗಿ ಹುಟ್ಟುಹಬ್ಬಕ್ಕೆ ಫೋನು ಮಾಡಿ, ಹವೆ ಹೇಗಿದೆ ಎಂದು ಕೇಳಿ ಇಡುತ್ತಿದ್ದಳು. ಅಂಥವನಿಗೆ ಹನ್ನೊಂದು ಮಂಗಳವಾರ ಎಂದರೆ ಒಂದು ಆಯುಷ್ಯ. ಎಂಟನೆಯ ವಾರ ಆಕೆ ತಂದದ್ದು ಸಿಪಾಯಿಗಳು ಬೆಂಚಿನ ಮೇಲೆ ಸೂಪು ಕುಡಿಯುತ್ತಿರುವ ಫೋಟೋ. ಅಪ್ಪ ಎಡಚ. ಚಮಚ ಎತ್ತಿದ ತೋಳು ಕ್ಯಾಮೆರಾದ ಕಡೆಗಿತ್ತು. ಭೂತಗನ್ನಡಿಯ ಕೆಳಗೆ ಹದ್ದು ರೆಕ್ಕೆ ಬಿಚ್ಚಿ ಕೂತಿತ್ತು, ತೋಳಿನ ಮೇಲೆ. ತಲೆಯೆತ್ತಿದರೆ ಆಕೆ ಅವನನ್ನೇ ನೋಡುತ್ತಿದ್ದಳು. ಆ ಕಣ್ಣುಗಳಲ್ಲಿದ್ದದ್ದು ಭಯ ಎಂದು ಅವನು ಓದಿದ. ಪಾಪ, ಡ್ರೈವರ್ ಎಂದು ನಂಬಿ ನೆಮ್ಮದಿಯಾಗಿರುವ ಜೀವ, ಕೆಡಿಸಬಾರದು. ಹಾಗೆಂದು ತನಗೆ ತಾನೇ ಹೇಳಿಕೊಂಡ. "ಹೊಸದೇನೂ ಇಲ್ಲ. ಅದೇ ದಳ" ಎಂದು ಆಕೆಗೆ ಹೇಳಿದ. ಆ ದಿನ ಕೇಕು ರುಚಿಸಲಿಲ್ಲ. ಆದರೂ ತಿಂದ, ಇನ್ನೊಂದು ತುಂಡು ಹಾಕಿದಾಗ ಅದನ್ನೂ ತಿಂದ.

ಇವತ್ತು ಲಾಮರ್ಸ್ ಸಂಘದ ಕೋಣೆಗೆ ಬಂದಾಗ ಊಡೆ ಆಗಲೇ ಬಂದು ಕೂತಿದ್ದ. ಪದಕಗಳನ್ನು ಗುರುತಿಸುವ ಕೆಲಸ ಅವನದು. ಎರಡನೆಯ ಮೇಜು, ದಪ್ಪ ಕನ್ನಡಕ, ಬಾಯಿಗೆ ಬಿಡುವಿಲ್ಲ.

"ಬಂದ್ರಾ ಮದುಮಗ" ಎಂದ. "ಗದ್ದಕ್ಕೇನಾಯ್ತು? ಕೇಕು ಬರೋಕ್ಮುಂಚೇನೇ ಚಾಕು ತಗೊಂಡ್ರಾ?"

"ಬ್ಲೇಡು ಹಳೇದು."

"ಹಳೇದಾಗಿರೋದು ಬ್ಲೇಡಲ್ಲ ಬಿಡಿ. ಹನ್ನೊಂದು ಫೋಟೋಗೆ ಹನ್ನೊಂದು ವಾರ. ನನ್ ಕೈಗೆ ಕೊಟ್ಟಿದ್ರೆ ಒಂದು ಸಿಗರೇಟು ಸೇದೋದ್ರೊಳಗೆ ಮುಗೀತಿತ್ತು."

"ನೀವು ನಿಮ್ಮ ಪದಕ ನೋಡ್ಕೊಳ್ಳಿ."

"ನೋಡ್ತಾನೇ ಇದೀನಿ. ಆದ್ರೆ ಪದಕದೋರು ಯಾರೂ ಕೇಕು ತರಲ್ಲ."

ಲಾಮರ್ಸ್ ಪೆನ್ಸಿಲು ಚೂಪು ಮಾಡತೊಡಗಿದ. ಊಡೆ ಒಮ್ಮೆ ಈ ಕಡೆ ಬಗ್ಗಿ ನೋಡಿದರೆ ಸಾಕು, ಅರೆಕ್ಷಣದಲ್ಲಿ ಹೇಳಿಬಿಡುತ್ತಾನೆ, ಅದೂ ಇಡೀ ಕೋಣೆಗೆ ಕೇಳುವಂತೆ. ಮೂರು ವಾರದಿಂದ ಲಾಮರ್ಸ್ ಫೋಟೋದ ಸುತ್ತ ತೋಳು ಬಳಸಿ ಕೂರುತ್ತಿದ್ದ, ಪರೀಕ್ಷೆಯಲ್ಲಿ ಪಕ್ಕದವನಿಗೆ ತೋರಿಸದ ಜಿಪುಣನ ಹಾಗೆ. ಮೊದಲು ಏನೆನ್ನಬೇಕು? ಫ್ರೌ ಬ್ರೇಮೆ, ನನ್ನಿಂದ ಒಂದು ತಪ್ಪಾಯಿತು. ಅಲ್ಲ, ತಪ್ಪು ಮೊದಲ ವಾರದ್ದು. ಎಂಟನೆಯ ವಾರದ್ದು ತಪ್ಪಲ್ಲ, ಸುಳ್ಳು. ಅದನ್ನೂ ಹೇಳಬೇಕೇ? ಹೇಳದೆ, ಇವತ್ತೇ ಕಂಡಿತೆಂದರೆ ಆಗದೇ? ಇವತ್ತೇ ಕಂಡಿತು ಎಂದರೆ ತನ್ನ ಮರ್ಯಾದೆ ಉಳಿಯುತ್ತದೆ, ಆಕೆಗೆ ನಿಜವೂ ಸಿಗುತ್ತದೆ. ಈ ಲೆಕ್ಕಾಚಾರ ಅವನಿಗೆ ಹಿಡಿಸಿತು. ಹಿಡಿಸಿತೆಂಬುದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮೂರು ಗಂಟೆಗೆ ಆಕೆ ಬಂದಳು. ಒದ್ದೆಯಾದ ಕೊಡೆಯನ್ನು ಬಾಗಿಲ ಬಳಿ ಒರಗಿಸಿ, ಊಡೆಗೆ ತಲೆಬಾಗಿ, ಕೋಟು ಬಿಚ್ಚದೆಯೇ ಕೂತಳು. "ಪ್ಲಮ್ ಕಾಲ ಮುಗೀತು. ಇವತ್ತು ಸೇಬಿಂದು" ಎಂದು ಡಬ್ಬಿ ತೆರೆದಳು. ಕೇಕಿನ ಪಕ್ಕದಲ್ಲಿ ಕೊನೆಯ ಫೋಟೋ ಇಟ್ಟಳು.

ಹಿತ್ತಿಲಿನ ಬೆಂಚು. ಗುಂಡಿ ಬಿಚ್ಚಿದ ಸಮವಸ್ತ್ರದಲ್ಲಿ ಅಪ್ಪ. ತೊಡೆಯ ಮೇಲೆ ಐದಾರು ವರ್ಷದ ಜಡೆಯ ಹುಡುಗಿ. ಅಪ್ಪನ ಎಡತೋಳು ಮಗುವನ್ನು ಬಳಸಿಕೊಂಡಿತ್ತು. ಕಾಲರಿನ ಮೇಲೆ ಎಂದಿನಂತೆ ಅಡ್ಡಡ್ಡ ಉದ್ದುದ್ದ ಗೀರು. ತೋಳಿನ ಮೇಲೆ, ಮಗುವಿನ ಕೆನ್ನೆಗೆ ಅಂಟಿಕೊಂಡಂತೆ, ಹದ್ದು. ಭೂತಗನ್ನಡಿ ಬೇಕಿರಲಿಲ್ಲ. ಆದರೂ ಲಾಮರ್ಸ್ ಅದನ್ನೆತ್ತಿಕೊಂಡು ಬಹಳ ಹೊತ್ತು ಬಗ್ಗಿ ಕೂತ. ಆ ಹುಡುಗಿ ನಗುತ್ತಿದ್ದಳು. ಎದುರು ಕೂತಿದ್ದ ಅರವತ್ತೆರಡರ ಹೆಂಗಸಿನ ಮೂಗು ಅದೇ. ಹೇಳು, ಎಂದುಕೊಂಡ. ಈಗ. ಅವನ ಬಾಯಿ ತೆರೆಯಿತು. "ಮುದ್ದಾದ ಮಗು" ಎಂದಿತು. ಆಮೇಲೆ, "ಅದೇ ಸಾಗಣೆ ದಳ" ಎಂದೂ ಅಂದಿತು.

"ಇನ್ನೇನೂ ಕಾಣಲ್ವಾ, ಹೆರ್ ಲಾಮರ್ಸ್?"

"ಕಾಲರು ಕೆರೆದಿದಾರಲ್ಲ. ಕೆರೆದ ಮೇಲೆ ಏನು ಕಾಣುತ್ತೆ."

ಫ್ರೌ ಬ್ರೇಮೆ ಕೇಕು ಕತ್ತರಿಸಲೆಂದು ಎತ್ತಿಕೊಂಡಿದ್ದ ಚಾಕುವನ್ನು ಕೆಳಗಿಟ್ಟಳು.

"ಕೆರೆದಿದ್ದು ನಾನು" ಎಂದಳು.

ಅವನಿಗೆ ತಕ್ಷಣ ಅರ್ಥವಾಗಲಿಲ್ಲ.

"ಅಮ್ಮ ಅಲ್ಲ, ನಾನು. ಎಂಟು ವರ್ಷ ನಂಗಾಗ. ಅಮ್ಮನ ಕೈ ನಡುಗ್ತಿತ್ತು, ಅದಕ್ಕೇ ಸೂಜಿ ನಂಗೆ ಕೊಟ್ರು. ಕಾಲರು, ಟೋಪಿ, ಅಷ್ಟು ಸಾಕು ಅಂದ್ರು. ತೋಳು ಅವರ ತಲೆಗೆ ಹೊಳೀಲಿಲ್ಲ. ಕಾಲರಲ್ಲಿ ಇದ್ದಿದ್ದು ತಲೆಬುರುಡೆ. ನಂಗೆ ಅದನ್ನ ಕಂಡ್ರೆ ಮೊದ್ಲಿಂದ್ಲೂ ಹೆದರಿಕೆ. ಖುಷಿಯಾಗೇ ಕೆರೆದೆ."

ಲಾಮರ್ಸನ ನಾಲಿಗೆಗೆ ಬಂದದ್ದು ಮೂವತ್ತು ವರ್ಷ ಕಲಿತ ಪಾಠ. "ತಲೆಬುರುಡೆ ಅಂದ್ರೆ ಎಲ್ರೂ ಶಿಬಿರ ಕಾಯೋರೇ ಅಂತಲ್ಲ" ಎಂದ. "ಮುಂಚೂಣೀಲಿ ಯುದ್ಧ ಮಾಡಿದ ಪಡೆ ಒಂದಕ್ಕೂ ಅದೇ ಇತ್ತು."

"ಶನಿವಾರ ಶನಿವಾರ ಮನೆಗೆ ಬರ್ತಿದ್ರು. ಸೈಕಲ್ ಮೇಲೆ, ಒಗೆಯೋ ಬಟ್ಟೆ ಕಟ್ಕೊಂಡು."

ರಷ್ಯಾದ ಯುದ್ಧರಂಗದಿಂದ ಯಾವ ಸಿಪಾಯಿಯೂ ಶನಿವಾರ ಬಟ್ಟೆ ಒಗೆಸಲು ಸೈಕಲ್ಲಿನಲ್ಲಿ ಬರುವುದಿಲ್ಲ; ಬರುವವನು ಹತ್ತಿರದ ಶಿಬಿರ ಕಾಯುವವನೇ. ಲಾಮರ್ಸ್ ತಲೆ ತಗ್ಗಿಸಿದ. ಪಕ್ಕದ ಮೇಜಿನಲ್ಲಿ ಊಡೆಯ ಕೈ ಪದಕವೊಂದನ್ನು ಹಿಡಿದು ಹಾಗೇ ನಿಂತಿತ್ತು.

"ಅಮ್ಮ ಮಾತು ತಗೊಂಡಿದ್ರು" ಎಂದಳು ಫ್ರೌ ಬ್ರೇಮೆ, ದನಿ ಏರಿಸದೆ. "ನಿನ್ನ ಬಾಯಿಂದ ಯಾವತ್ತೂ ಬರಬಾರದು ಅಂತ. ಐವತ್ನಾಲ್ಕು ವರ್ಷ ಬರ್ಲಿಲ್ಲ. ಮೂವತ್ತು ವರ್ಷ ಗಂಡನ ಜೊತೆ ಬಾಳಿದೆ, ಅವರಿಗೂ ಹೇಳದೇನೇ ಮಣ್ಣು ಮಾಡಿ ಬಂದೆ. ಈ ವಸಂತದಲ್ಲಿ ಅಮ್ಮನೂ ಹೋದ್ರು. ಆಮೇಲೆ ಇದನ್ನ ಬಲ್ಲೋಳು ಭೂಮಿ ಮೇಲೆ ನಾನೊಬ್ಳೇ. ತಡ್ಕೊಳ್ಳೋಕಾಗ್ಲಿಲ್ಲ. ಬೇರೆ ಯಾರಾದ್ರೂ ತಾವಾಗೇ ನೋಡಿ ಹೇಳಿದ್ರೆ ನಾನು ಮಾತು ಮುರಿದ ಹಾಗಾಗಲ್ವಲ್ಲ. ಕಾಸೆಲ್ಲಲ್ಲಿ ಯಾರನ್ನ ಕೇಳಿದ್ರೂ ನಿಮ್ಮ ಹೆಸ್ರು ಹೇಳಿದ್ರು. ಅದಕ್ಕೇ ಬಂದೆ. ಕಷ್ಟದ್ದು ಮೊದಲು ತಂದೆ. ಆಮೇಲೆ ಸುಲಭದ್ದು. ಸೂಪಿಂದು ತಂದಾಗ ಇವತ್ತು ಹೇಳೇ ಹೇಳ್ತಾರೆ ಅಂತ ಇಡೀ ದಿನ ಉಪವಾಸ ಇದ್ದೆ." ಮೇಜಿನ ಮೇಲಿದ್ದ ಫೋಟೋದ ಅಂಚು ಮುಟ್ಟಿದಳು. "ಇವತ್ತು ಇದನ್ನ ತಂದೆ. ಇದಕ್ಕಿಂತ ಸುಲಭದ್ದು ನನ್ ಹತ್ರ ಇಲ್ಲ. ಕೊನೆಗೆ ನನ್ ಬಾಯಿಂದ್ಲೇ ಬಂತು ನೋಡಿ."

ಹಾಗಾದರೆ ಮೊದಲ ದಿನದ ಆ "ಅಷ್ಟೇನಾ?" ನೆಮ್ಮದಿಯ ಮಾತಾಗಿರಲಿಲ್ಲ. ಆ ಕಣ್ಣುಗಳಲ್ಲಿದ್ದದ್ದು ಭಯವಾಗಿರಲಿಲ್ಲ. ಹನ್ನೊಂದು ವಾರ ಆಕೆ ಅವನ ಮುಂದೆ ಕೂತು ಬೇಡಿಕೊಂಡಿದ್ದಳು. ಅವನು ಕೇಕು ತಿಂದಿದ್ದ. ಈಗಲೂ ಒಂದು ದಾರಿಯಿತ್ತು. ಕ್ಷಮಿಸಿ, ಕಣ್ಣು ಮಂಜಾಗಿದೆ, ಪೊರೆ ಬರುತ್ತಿದೆ ಎಂದುಬಿಟ್ಟರೆ ಆಕೆ ನಂಬುತ್ತಾಳೆ. ಕುರುಡನನ್ನು ಯಾರೂ ದ್ವೇಷಿಸುವುದಿಲ್ಲ. ಬಹುಶಃ ಕನಿಕರಕ್ಕಾದರೂ ಮತ್ತೆ ಬಂದಾಳು. ಆ ಆಸೆ ಎಷ್ಟು ಬಲವಾಗಿತ್ತೆಂದರೆ ಅವನ ಕೈ ತಾನಾಗಿ ಕಣ್ಣಿನ ಕಡೆಗೆ ಹೋಯಿತು. ಅಲ್ಲಿಂದ ಅದನ್ನು ಇಳಿಸಿ ಮೇಜಿನ ಮೇಲಿಟ್ಟ.

"ನಂಗೆ ಕಂಡಿತ್ತು" ಎಂದ.

ಫೋಟೋದಲ್ಲಿದ್ದ ಹದ್ದಿನ ಮೇಲೆ ಬೆರಳಿಟ್ಟ.

"ಸೂಪಿನ ಫೋಟೋದಲ್ಲೇ ಕಂಡಿತ್ತು. ತೋಳಿನ ಮೇಲೆ. ಕಂಡೂ ಹೇಳ್ಲಿಲ್ಲ."

"ಮೂರು ವಾರ ಆಯ್ತಲ್ಲ."

"ಹೌದು."

"ಯಾಕೆ?"

ಸಭ್ಯವಾದ ಉತ್ತರಗಳು ಎರಡು ಮೂರು ಇದ್ದವು. ಅವನಿಗೆ ಅವುಗಳನ್ನು ಆಡುವ ಶಕ್ತಿ ಉಳಿದಿರಲಿಲ್ಲ. "ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ" ಎಂದ. ಊಡೆಗೆ ಕೇಳಿಸಿತೆಂದು ಗೊತ್ತಾಯಿತು. ಕೇಳಿಸಲಿ ಎನ್ನಿಸಿತು.

ಫ್ರೌ ಬ್ರೇಮೆಯ ಮುಖದಲ್ಲಿ ಸಿಟ್ಟು ಬರುತ್ತದೆಂದು ಅವನು ಕಾದ. ಬರಲಿಲ್ಲ. ಅಂಗಡಿಯಲ್ಲಿ ಬೆಲೆ ಕೇಳಿ, ಇಷ್ಟು ಕಡಿಮೆಯೇ ಎಂದು ಬೆರಗಾದವರ ಹಾಗೆ ಅವನನ್ನು ನೋಡಿದಳು.

"ಅಯ್ಯೋ ದೇವರೇ" ಎಂದಳು ಮೆಲ್ಲಗೆ. "ಅವತ್ತೇ ಹೇಳಿದ್ದಿದ್ರೆ ಇರೋವರೆಗೂ ಬರ್ತಿದ್ದೆನಲ್ಲ."

ಹೊರಗೆ ಟ್ರಾಮ್ ಹೋದಾಗ ಕಿಟಕಿಯ ಗಾಜು ಅದುರಿತು. ಆಕೆ ಫೋಟೋ ಬೋರಲು ಮಾಡಿ ಅವನ ಕಡೆ ತಳ್ಳಿ, "ಬರೀರಿ" ಎಂದಳು. ಅವನು ಬರೆದ. ಎಡತೋಳಿನ ಮೇಲೆ ಹದ್ದು, ಎಸ್ಎಸ್ ಪಡೆ, ಕಾಲರಿನ ಲಾಂಛನ ಕೆರೆಯಲಾಗಿದೆ. ನಿಲ್ಲಿಸಿ, ಕೇಳುವಂತೆ ಆಕೆಯನ್ನು ನೋಡಿದ. "ತಲೆಬುರುಡೆ ಅಂತಾನೂ ಬರೀರಿ. ಮಗಳು ಹೇಳಿದ್ದು ಅಂತ ಬರೀರಿ" ಎಂದಳು. ಅದನ್ನೂ ಬರೆದ. ಸಂಘದ ಪದ್ಧತಿಯಂತೆ, ಗುರುತಿಸಿದ ದಿನಾಂಕವನ್ನು ಕೆಳಗೆ ಹಾಕಬೇಕು. ಹದಿನಾರು, ನವೆಂಬರ್ ಎಂದು ಅವನ ಪೆನ್ಸಿಲು ಆಗಲೇ ಅರ್ಧ ಬರೆದಿತ್ತು.

"ಇವತ್ತಿಂದಲ್ಲ" ಎಂದಳು. "ನಿಮಗೆ ಕಂಡ ದಿನದ್ದು."

ಹೊಡೆದು ಹಾಕಿ, ಇಪ್ಪತ್ತಾರು ಅಕ್ಟೋಬರ್ ಎಂದು ಬರೆದ. ಕೆಳಗೆ ಸಹಿ ಮಾಡಿದ. ಉಳಿದ ಹತ್ತರ ಬೆನ್ನಿಗೂ ತನ್ನ ಕೈಬರಹದಲ್ಲಿ ಸಾಗಣೆ ದಳ ಎಂದಿರುವುದು ನೆನಪಾಗಿ, "ಅವುಗಳನ್ನೂ ಕೊಡಿ, ಅಳಿಸಿ ಸರಿ ಮಾಡ್ತೀನಿ" ಎಂದು ಡ್ರಾಯರಿನಲ್ಲಿ ರಬ್ಬರು ಹುಡುಕಿದ.

"ಬೇಡ" ಎಂದಳು. "ಅಳಿಸಿದ್ದು ಸಾಕು."

ಫೋಟೋವನ್ನು ಬೆಳಕಿಗೆ ಹಿಡಿದು ಬರೆದದ್ದನ್ನು ಒಂದೊಂದೇ ಪದವಾಗಿ, ಗಟ್ಟಿಯಾಗಿ ಓದಿದಳು. ದಿನಾಂಕವನ್ನೂ ಓದಿದಳು, ಅವನ ಹೆಸರನ್ನೂ ಓದಿದಳು. ಊಡೆ ಕನ್ನಡಕ ತೆಗೆದು ಒರೆಸುತ್ತ ಕೂತಿದ್ದ. ಓದಿ ಮುಗಿದ ಮೇಲೆ ಚೀಲದೊಳಗಿಟ್ಟು, ಕೇಕಿನ ಡಬ್ಬಿಯ ಮುಚ್ಚಳ ಹಾಕಿ ಅದನ್ನೂ ಇಟ್ಟುಕೊಂಡು, ಎದ್ದಳು. ಕುರ್ಚಿಯನ್ನು ಮೇಜಿನೊಳಕ್ಕೆ ಸರಿಸಿದಳು. ಲಾಮರ್ಸನೂ ಎದ್ದು ನಿಂತ. ಕೈ ಮುಂದೆ ಚಾಚಲೋ ಬೇಡವೋ ತಿಳಿಯದೆ ರಬ್ಬರನ್ನು ಹಿಡಿದುಕೊಂಡೇ ನಿಂತ. ಆಕೆ ಊಡೆಗೆ ತಲೆಬಾಗಿದಳು. ಕೊಡೆ ತೆಗೆದುಕೊಂಡಳು. ಬಾಗಿಲು ಮುಚ್ಚುವಾಗ ಸದ್ದಾಗದಂತೆ ಹಿಡಿಯನ್ನು ಹಿಡಿದು ಮುಚ್ಚಿದಳು.

ಇನ್ನೂ ಮೂರೂವರೆ. ಆರರವರೆಗೆ ಅವನು ಅಲ್ಲಿ ಕೂರಬೇಕಾಗಿತ್ತು.